ಶಾಲಿಗೆ ಮೈಲಿಗೆ ಇಲ್ಲ

ರಾಯಚೂರಿನಂಥ ಊರಿನಲ್ಲಿ ಕುಳಿತು ಉಲನ್ ಶಾಲು ಹೆಣೆಯಲು ಕಲಿತವಳು ನಾನು. ಇದನ್ನು ಹೇಳಿದರೆ ನಮ್ಮ ಕಡೆಯವರು ಮೊದಲು ನನ್ನ ಹಣೆ ಮುಟ್ಟಿ ಜ್ವರ ಇದೆಯೇನೋ ಎಂದು ನೋಡುತ್ತಾರೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಶಿಕ್ಷಕಿ ತರಬೇತಿಗೆಂದು ರಾಯಚೂರಿನ ಹಾಸ್ಟೆಲ್ ಸೇರಿದ್ದೆ. ಕರಕುಶಲ ಎಂಬ ವಿಷಯ ಕಡ್ಡಾಯ. ಹೊಲಿಗೆಯ ತರಗತಿ ತುಂಬಿಹೋಗಿತ್ತು. ಉಳಿದದ್ದು ಉಲನ್ ಹೆಣಿಕೆ. ಕಲಿಸುತ್ತಿದ್ದ ಬಾಯಾರು, ಅಂದರೆ ಟೀಚರಮ್ಮ, ಯಾವುದೋ ತಂಪು ಊರಿನಿಂದ ವರ್ಗವಾಗಿ ಬಂದವರು. ಏಪ್ರಿಲ್ ತಿಂಗಳಲ್ಲಿ, ಕೆಟ್ಟುನಿಂತ ಫ್ಯಾನಿನ ಕೆಳಗೆ, ಬೆವರಿಗೆ ದಾರ ಬೆರಳಿಗೆ ಅಂಟಿಕೊಳ್ಳುತ್ತಿದ್ದರೆ ಅವರು ಮಾತ್ರ "ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ. ಚಳಿಗಾಲ ಬಂದಾಗ ಇದರ ಬೆಲೆ ಗೊತ್ತಾಗುತ್ತೆ" ಎನ್ನುತ್ತಿದ್ದರು. ನಾವು ಇಪ್ಪತ್ತು ಹುಡುಗಿಯರು ಅದು ಯಾವತ್ತು ಬರುತ್ತದೆಂದು ಕೇಳುವ ಧೈರ್ಯ ಮಾಡಲಿಲ್ಲ.

ಹಾಸ್ಟೆಲ್ಲಿನಲ್ಲಿ ನನಗೆ ಇಬ್ಬರು ಗೆಳತಿಯರಾದರು. ಒಬ್ಬಳು ಶಹರದವಳೇ, ನರ್ಸಿಂಗ್ ಕಲಿಯಲೆಂದು ಹಾಸ್ಟೆಲ್ಲಿನಲ್ಲಿದ್ದಳು. ಇನ್ನೊಬ್ಬಳು ಹಿರೇಕೊಟ್ನೆಕಲ್ಲಿನ ಕುರಿ ಕಾಯುವ ಮನೆತನದವಳು, ನನ್ನ ಜೊತೆಗೇ ತರಬೇತಿಗೆ ಬಂದವಳು. ನಮ್ಮಪ್ಪ ಹತ್ತಿರದ ಹಳ್ಳಿಯಿಂದ ರಾಯಚೂರಿನ ಗಂಜ್ ಮಾರುಕಟ್ಟೆಗೆ ಹಮಾಲಿಗೆ ಬರುತ್ತಿದ್ದ. ನಾವು ಊರ ಹೊರಗಿನ ಕೇರಿಯ ಜನ. ದೇವರ ಜಗಲಿಯ ಮೇಲೆ ಬುದ್ಧನ ಫೋಟೋ ಇಟ್ಟು, ಹಳೆಯ ದೇವರುಗಳನ್ನು ಅಪ್ಪ ಗೌರವದಿಂದಲೇ ಅಟ್ಟಕ್ಕೆ ಕಳಿಸಿದ್ದ. ಓದು ಮುಗಿದ ಮೇಲೆ ನರ್ಸ್ ಗೆಳತಿಗೆ ರಾಯಚೂರಿನಲ್ಲೇ ಕೆಲಸ ಸಿಕ್ಕಿತು, ಇನ್ನೊಬ್ಬಳಿಗೆ ಮಾನ್ವಿಯ ಶಾಲೆ, ನನಗೆ ದೇವದುರ್ಗದ ಶಾಲೆ.

ದೇವದುರ್ಗದಲ್ಲಿ ನನ್ನನ್ನು ಮೊದಲು ಕಾಡಿದ್ದು ಒಂಟಿತನ. ಶಾಲೆ ಬಿಟ್ಟ ಮೇಲೆ ಬಾಡಿಗೆ ಕೋಣೆಯಲ್ಲಿ ಮಾಡಲು ಕೆಲಸವಿರಲಿಲ್ಲ. ಬರುವ ದೀಪಾವಳಿಗೆ ಇಬ್ಬರು ಗೆಳತಿಯರಿಗೂ ಕೈಯಾರೆ ಏನಾದರೂ ಹೆಣೆದು ಕೊಡಬೇಕೆಂದು ಹೊಳೆಯಿತು. ನಮ್ಮ ಮನೆಯಲ್ಲಿ ದೀಪಾವಳಿ ಮಾಡುವುದು ನಿಂತಿತ್ತು. ಆದರೆ ಹಬ್ಬ ಯಾರದಾದರೇನು, ರಜಾ ಸರಕಾರದ್ದು. ರಾಯಚೂರಿಗೆ ಹೋದಾಗ ತೀನ್ ಕಂದೀಲ್ ಚೌಕದ ಹತ್ತಿರದ ಒಂದು ಅಂಗಡಿಯಲ್ಲಿ ನೀಲಿ ಉಲನ್ ತೆಗೆದುಕೊಂಡೆ. ಅಂಗಡಿಯವನು ಉಂಡೆಯನ್ನು ನನ್ನ ಕೆನ್ನೆಗೆ ಒತ್ತಿಯೇ ಬಿಡುತ್ತಿದ್ದ, ನಾನು ಹಿಂದೆ ಸರಿದೆ. "ಅಸಲಿ ಉಣ್ಣಿ ರೀ ಬಾಯಾರ, ಕಾಶ್ಮೀರದ್ದು" ಎಂದ. ನಂಬಿದೆ. ಶಾಲೆಯ ಹೊರಗೆ ಬಾಯಾರ ಅಂತ ಮೊದಲ ಸಲ ಯಾರೋ ಕರೆದಿದ್ದರು, ಏನು ಹೇಳಿದ್ದರೂ ನಂಬುತ್ತಿದ್ದೆ.

ಎರಡು ತಿಂಗಳು ಹೆಣೆದೆ. ನರ್ಸಿಗೆ ಮಫ್ಲರ್, ಮಾನ್ವಿಯವಳಿಗೆ ಶಾಲು. ಶಾಲಿನ ಒಂದು ತುದಿ ಅಗಲ, ಇನ್ನೊಂದು ತುದಿ ಸಣ್ಣದು. ನಡುವೆ ಎಲ್ಲೋ ಕುಣಿಕೆಗಳು ನನಗೆ ಹೇಳದೆ ರಜಾ ಹೋಗಿದ್ದವು.

ದೀಪಾವಳಿಗೆ ಮೊದಲು ರಾಯಚೂರಿಗೆ ಹೋಗಿ ಮಫ್ಲರ್ ಕೊಟ್ಟೆ. ನರ್ಸ್ ಗೆಳತಿ ಅದನ್ನು ಕುತ್ತಿಗೆಗೆ ಸುತ್ತಿಕೊಂಡು, ಮೂಗಿನ ತುದಿಯಲ್ಲಿ ಬೆವರು ಮೂಡಿದರೂ, ನಾನು ಚಹಾ ಕುಡಿದು ಮುಗಿಸುವವರೆಗೆ ತೆಗೆಯಲಿಲ್ಲ. ಅವಳು ರೋಗಿಗಳಿಗೆ ಸುಳ್ಳು ಸಮಾಧಾನ ಹೇಳಿ ಪಳಗಿದ್ದಳು.

ಮರುದಿನ ಮಾನ್ವಿಯ ಬಸ್ಸು ಹಿಡಿದೆ. ಗೆಳತಿ ಕಾದಿದ್ದಳು, ಇಬ್ಬರೂ ಅವಳ ಊರಿಗೆ ಹೋದೆವು. ಪಡಸಾಲೆಯಲ್ಲಿ ಅವಳ ಅಜ್ಜ, ಮನೆಯವರ ಬಾಯಲ್ಲಿ ಮುತ್ಯಾ, ತಕಲಿ ತಿರುಗಿಸುತ್ತ ಕರಿ ಉಣ್ಣೆ ನೂಲುತ್ತಿದ್ದ. ಅವಳ ಅಜ್ಜಿಯನ್ನು ಮನೆಯವರೆಲ್ಲ ಆಯಿ ಎನ್ನುತ್ತಿದ್ದರು. ಆಯಿ ನೀಲಿ ಶಾಲು ಕಂಡದ್ದೇ ಮೊಮ್ಮಗಳ ಕೈಯಿಂದ ಕಿತ್ತುಕೊಂಡು ಹೊದ್ದಳು. ಅದನ್ನು ಹೊದ್ದೇ ಒಳಗೆ ಹೊರಗೆ ಓಡಾಡಿ, ಪಕ್ಕದ ಮನೆಗೂ ಹೋಗಿ ತೋರಿಸಿ ಬಂದಳು. ಆಮೇಲೆ ನನ್ನ ಎದುರಿಗೆ ಕುಳಿತಳು.

"ಚಂದ ಮಾಡೀಯವ್ವಾ. ಯಾರ ಪೈಕಿ ನೀನು?"

"ಹಾಸ್ಟೆಲ್ ಪೈಕಿ" ಎಂದಳು ನನ್ನ ಗೆಳತಿ, ಲಗುಬಗೆಯಿಂದ.

"ನಿನ್ನ ಕೇಳಿಲ್ಲ. ಆಕಿನ್ನ ಕೇಳೀನಿ."

ನಮ್ಮಪ್ಪನ ಒಂದೇ ಉಪದೇಶ: ಕೇಳಿದರೆ ಹೇಳು, ಕೇಳದಿದ್ದರೂ ಹೇಳು. ಹೇಳಿದೆ. ಶಾಲಿನ ಅಂಚು ಸವರುತ್ತಿದ್ದ ಆಯಿಯ ಕೈ ಅಲ್ಲೇ ನಿಂತಿತು. ಗೆಳತಿ ನೆಲ ನೋಡತೊಡಗಿದಳು. ಆಯಿ ಶಾಲನ್ನು ತೆಗೆಯಬೇಕೋ ಬಿಡಬೇಕೋ ಎಂದು ಮುತ್ಯಾನ ಕಡೆ ನೋಡಿದಳು.

ಮುತ್ಯಾ ತಕಲಿ ನಿಲ್ಲಿಸದೆ ಹೇಳಿದ: "ಉಣ್ಣಿಗೆ ಮೈಲಿಗಿ ಇಲ್ಲ. ಕಂಬಳಿ ಮ್ಯಾಲ ಯಾರು ಕುಂತ್ರೂ ಕಂಬಳಿ ಕಂಬಳೀನ. ನಮ್ಮ ಹಿರೇರು ಹೇಳಿದ ಮಾತು."

ಆಯಿ ಉಸಿರು ಬಿಟ್ಟಳು. ನಾನೂ ಬಿಟ್ಟೆ. ಮಾತು ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಮುತ್ಯಾನಿಗೆ ಕಸುಬಿನ ಕುತೂಹಲ. ಹತ್ತಿರ ಬಂದು ಶಾಲಿನ ಅಂಚನ್ನು ಬೆರಳಲ್ಲಿ ಉಜ್ಜಿದ, ಮೂಗಿಗೆ ಹಿಡಿದ.

"ಇದು ಯಾವ ಊರಿನ ಕುರಿಯವ್ವಾ?"

"ಕಾಶ್ಮೀರದ್ದಂತ್ರೀ. ಅಂಗಡಿಯಾಂವ ಹೇಳ್ಯಾನ."

ಮುತ್ಯಾ ತುದಿಯಲ್ಲಿ ಜೋತಾಡುತ್ತಿದ್ದ ಒಂದು ಎಳೆ ಹರಿದುಕೊಂಡ. ಬೀಡಿಗೆ ಇಟ್ಟುಕೊಂಡಿದ್ದ ಕಡ್ಡಿಪೆಟ್ಟಿಗೆ ತೆಗೆದು, ಮೊದಲು ತನ್ನ ಕರಿ ಉಣ್ಣೆಯ ಎಳೆ ಸುಟ್ಟ. ಕೂದಲು ಸುಟ್ಟ ನಾತ ಬಂತು, ಬೂದಿ ಉದುರಿತು. ಆಮೇಲೆ ನನ್ನ ಎಳೆಗೆ ಕಡ್ಡಿ ಹಿಡಿದ. ಅದು ಸುರುಟಿಕೊಂಡು, ಕರಗಿ, ತುದಿಯಲ್ಲೊಂದು ಗಟ್ಟಿ ಗುಂಡಾಗಿ ನಿಂತಿತು.

"ಕುರಿ ಅಲ್ಲ ಇದು. ಪ್ಲಾಸ್ಟಿಕ್ ಕೊಡ ಕರಗಿದಂಗ ಕರಗ್ತು. ನೈಲಾನು."

ಹುಟ್ಟಿದಾಗಿನಿಂದ ಕಂಡ ಮೈಲಿಗೆ ನನ್ನನ್ನು ಅಷ್ಟು ಅಲುಗಿಸಿರಲಿಲ್ಲ. ಈ ಮಾತಿಗೆ ಮಾತ್ರ ಕಿವಿ ಬಿಸಿಯಾದವು. ಆಯಿಗೆ ಬೇರೆಯದೇ ಚಿಂತೆ.

"ಹಂಗಾರ ನೈಲಾನಿಗೆ ಮೈಲಿಗಿ ಅದನೋ, ಇಲ್ಲೋ?"

"ನಾ ಕುರಿ ಕಾಯ್ದಾಂವ" ಎಂದ ಮುತ್ಯಾ. "ನೈಲಾನು ಕಾಯ್ದಿಲ್ಲ."

ಗೆಳತಿ ನಗು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಂಡಳು. ನನಗೆ ಸಾಕಾಗಿತ್ತು. "ಕೊಡ್ರಿ ಆಯಿ, ಹೊಳ್ಳಿ ಒಯ್ತೀನಿ" ಎಂದು ಕೈ ಚಾಚಿದೆ. ಆಯಿ ಶಾಲನ್ನು ಎದೆಗೆ ಬಿಗಿಯಾಗಿ ಹಿಡಿದುಕೊಂಡಳು.

"ಕೊಟ್ಟದ್ದು ಹೊಳ್ಳಿ ತಗೋತಾರೇನು?"

"ಮತ್ತ ಮೈಲಿಗಿ?"

"ಹೊದ್ದು ಒಂದು ತಾಸಾತು. ಆಗೋದಿದ್ರ ಇಷ್ಟೊತ್ತಿಗೆ ಆಗಿರ್ತದ. ಈಗ ತೆಗದ್ರ ಏನು ಬಂತು?"

ಆದರೆ ಅಡಿಗೆಮನೆಗೆ ಯಾರೂ ಕರೆಯಲಿಲ್ಲ. ಊಟ ಪಡಸಾಲೆಗೇ ಬಂತು. ಗೆಳತಿ ತನ್ನ ತಾಟನ್ನೂ ಹೊರಗೆ ತಂದು ನನಗೆ ಮೊಣಕೈ ತಾಗುವಷ್ಟು ಹತ್ತಿರ ಕುಳಿತು ಉಂಡಳು. ಬಸ್ಸಿಗೆ ಬಿಡಲು ಬಂದಾಗ "ಸಿಟ್ಟಿಗೆ ಬಂದೀಯೇನು?" ಎಂದು ಕೇಳಿದಳು. ಬಂದಿದೆ, ಅಂಗಡಿಯವನ ಮೇಲೆ ಎಂದೆ. ಅರ್ಧ ಸುಳ್ಳು. ಅವಳಿಗೂ ಗೊತ್ತಿತ್ತು.

ಹೊರಡುವಾಗ ಮುತ್ಯಾ ತಾನು ನೂತ ಕರಿ ಉಣ್ಣೆಯ ಒಂದು ದೊಡ್ಡ ಉಂಡೆ ಕೊಟ್ಟಿದ್ದ. "ಇದರಾಗ ಹೆಣಿ. ಯಾರೂ ಕಡ್ಡಿ ಕೊರದು ನೋಡೂದಿಲ್ಲ" ಎಂದಿದ್ದ. ಮರುವರ್ಷದ ದೀಪಾವಳಿಗೆ ಅದರಲ್ಲಿ ನರ್ಸ್ ಗೆಳತಿಗೆ ಮತ್ತೊಂದು ಮಫ್ಲರ್ ಹೆಣೆದೆ. ಅಸಲಿ ಎಂದರೆ ಅಸಲಿ, ಅದರಲ್ಲಿ ಜಾಲಿಮುಳ್ಳಿನ ಚೂರುಗಳೂ ಇದ್ದವು. ಅವಳು ಸಭ್ಯತೆಗೆ ಮತ್ತೆ ಸುತ್ತಿಕೊಂಡಳು. ಕಾಲು ತಾಸಿನಲ್ಲಿ ಕುತ್ತಿಗೆ ಕೆಂಪಗೆ ದದ್ದು. ಮರುದಿನ ಆಸ್ಪತ್ರೆಯಲ್ಲಿ ದೊಡ್ಡ ನರ್ಸಮ್ಮ ಅವಳನ್ನು ವಾರ್ಡಿನಿಂದ ಹೊರಗೆ ನಿಲ್ಲಿಸಿ, ಇದು ಅಂಟುವ ಜಡ್ಡೋ ಏನೋ ಎಂದು ಡಾಕ್ಟರಿಗೆ ತೋರಿಸಿದರಂತೆ. "ಮೂರು ದಿನ ಯಾರೂ ನನ್ನ ಮುಟ್ಟಲಿಲ್ಲ, ಗೊತ್ತದೇನು?" ಎಂದು ನನ್ನ ಮುಂದೆ ಸಂಕಟ ತೋಡಿಕೊಂಡಳು. ನಾನು ಅವಳ ಮುಖವನ್ನೇ ನೋಡಿದೆ. ತಾನು ಯಾರ ಮುಂದೆ ಏನು ಹೇಳಿದೆ ಎಂದು ಹೊಳೆದು ಅವಳು ಮೊದಲು ನಾಲಿಗೆ ಕಚ್ಚಿಕೊಂಡಳು, ಆಮೇಲೆ ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ಅಂದೇ ಮೊದಲ ಬಾರಿ ನಿಜ ಹೇಳಿದಳು: "ಮುಂದಿನ ಸಲ ಒಂದು ಡಜನ್ ಬಾಳಿಹಣ್ಣು ತಗೊಂಡು ಬಾ. ನಿನ್ನ ಕಾಲು ಬೀಳ್ತೀನಿ."

ಆಯಿ ಮಾತ್ರ ಬಾಳೆಹಣ್ಣಿಗೆ ಒಪ್ಪುವವಳಲ್ಲ. ಪ್ರತಿ ವರ್ಷ ಮೊಮ್ಮಗಳ ಕೈಯಲ್ಲಿ ಹೇಳಿ ಕಳಿಸುತ್ತಿದ್ದಳು: ಈ ಸಲ ಕೆಂಪು ಬೇಕು, ತೂತು ದೊಡ್ಡವಿರಲಿ, ಗಾಳಿ ಆಡಬೇಕು, ಮತ್ತೆ ನೈಲಾನೇ ಇರಲಿ, ಮುತ್ಯಾನ ಉಣ್ಣೆ ಚುಚ್ಚುತ್ತದೆ. ನಾನು ಹೆಣೆದು ಒಯ್ಯುತ್ತಿದ್ದೆ. ಪಡಸಾಲೆಯಿಂದ ಅಡಿಗೆಮನೆಗೆ ಎಂಟು ಹೆಜ್ಜೆ. ಅದನ್ನು ದಾಟಲು ಮೂರು ದೀಪಾವಳಿ, ಎರಡು ಶಾಲು, ಒಂದು ಜೊತೆ ಕಾಲುಚೀಲ ಬೇಕಾದವು.

ಕೊನೆಗೆ ದಾಟಿದ ದಿನ ದೊಡ್ಡದೇನೂ ನಡೆಯಲಿಲ್ಲ. ಗೆಳತಿ ನೀರಿಗೆ ಹೋಗಿದ್ದಳು. ಆಯಿ ಹಿಟ್ಟಿನ ಕೈಯಲ್ಲಿ ರೊಟ್ಟಿ ಬಡಿಯುತ್ತಿದ್ದಳು, ಹಂಚಿನ ಮೇಲೆ ಒಂದು ರೊಟ್ಟಿ ಹೊಗೆಯಾಡತೊಡಗಿತ್ತು. ನಾನು ಹೊಸ್ತಿಲಾಚೆ ನಿಂತಿದ್ದೆ.

"ಏನ್ ನೋಡಕೋತ ನಿಂತಿ ಬೇ? ಬಾ, ರೊಟ್ಟಿ ತಿರುವಿ ಹಾಕು."

ಹೋಗಿ ತಿರುವಿದೆ. ಅಷ್ಟೊತ್ತಿಗೆ ಸೀದುಹೋಗಿತ್ತು. ಸರಕಾರ ನಿನಗೆ ಯಾವ ಲೆಕ್ಕದಲ್ಲಿ ಪಗಾರ ಕೊಡುತ್ತದೋ ಎಂದು ಬೈಯುತ್ತ ಆಯಿ ಸೀದ ರೊಟ್ಟಿಯನ್ನು ನನ್ನ ತಾಟಿಗೇ ಹಾಕಿದಳು.