ಕೇಳಿಸಲಿಲ್ಲ, ಟಾಲಿವರ್

ವರ್ಲೀನ್ ವಿಟ್‌ಫೀಲ್ಡ್ ನಮ್ಮ ಹಡಗಿಗೆ ಅಧಿಕಾರಿಯಾಗಿ ಬಂದಾಗ ನನಗೆ ಹೊಟ್ಟೆಕಿಚ್ಚಾಯಿತು. ಸುಳ್ಳು ಹೇಳಿ ಏನು ಪ್ರಯೋಜನ? ಪೋರ್ಟ್ಸ್‌ಮತ್‌ನ ಒಂದೇ ಬೀದಿಯವರು ನಾವು. ಅವಳು ಚರ್ಚಿನಲ್ಲಿ ಹಾಡುತ್ತಿದ್ದ ಎರಡು ಜಡೆಯ ಹುಡುಗಿಯಾಗಿದ್ದಾಗಲೇ ನಾನು ಸಮವಸ್ತ್ರ ತೊಟ್ಟಿದ್ದೆ. ನಮ್ಮಪ್ಪ ಇಪ್ಪತ್ತು ವರ್ಷ ಇದೇ ನೌಕಾಪಡೆಯಲ್ಲಿ ಬಿಳಿ ಅಧಿಕಾರಿಗಳ ಮುಂದೆ ಊಟದ ತಟ್ಟೆ ಇಟ್ಟು, ಎತ್ತಿ, ನಿವೃತ್ತನಾದ. ನಮ್ಮ ಕಪ್ಪು ಜನಕ್ಕೆ ಆಗ ಸಿಗುತ್ತಿದ್ದುದೇ ಆ ಕೆಲಸ. ನಾನು ಹದಿನೇಳು ವರ್ಷ ಬೆವರು ಸುರಿಸಿ ಚುಕ್ಕಾಣಿಯವರೆಗೆ ಬಂದಿದ್ದೆ. ಈಗ ನನ್ನ ಬೆನ್ನ ಹಿಂದೆ ನಿಂತು ಆಜ್ಞೆ ಕೊಡುವವಳು ಅವಳು!

ಅದು ಎಂಬತ್ತನೇ ಇಸವಿ. ಅದಕ್ಕೂ ಮೊದಲು ಆರು ವರ್ಷ ಅವಳನ್ನು ವಾಷಿಂಗ್ಟನ್ನಿನ ಒಂದು ಮೇಜಿನ ಮುಂದೆ ಕೂರಿಸಿದ್ದರು. ಹೆಂಗಸರಿಗೆ ಹಡಗು ಹತ್ತಲು ಅಪ್ಪಣೆ ಇರಲಿಲ್ಲ. ಅಪ್ಪಣೆ ಸಿಕ್ಕ ಕೂಡಲೇ ಅರ್ಜಿ ಹಾಕಿ ಬಂದಿದ್ದಳು. ಹಡಗನ್ನು ತಾನೇ ನಡೆಸಬಲ್ಲೆ ಎಂದು ತೋರಿಸಲು ಕ್ಯಾಪ್ಟನ್ ಮೂರು ಅವಕಾಶ ಕೊಟ್ಟ. ಎರಡರಲ್ಲಿ ಸೋತಳು.

"ಮೂರನೇದೂ ಹೋದ್ರೆ ಮತ್ತೆ ಮೇಜಿಗೇ," ಎಂದ ಕ್ಯಾಪ್ಟನ್.

ಸೋಲಿನಲ್ಲಿ ನನ್ನ ಪಾಲೂ ಇತ್ತು. ಅಧಿಕಾರಿ ಹೇಳಿದ ಆಜ್ಞೆಯನ್ನು ಚುಕ್ಕಾಣಿ ಹಿಡಿದವನು ಹಾಗೇ ಮತ್ತೆ ಜೋರಾಗಿ ಹೇಳಬೇಕು, ಆಮೇಲೆ ಚುಕ್ಕಾಣಿ ತಿರುಗಿಸಬೇಕು. ನಾನು ಅವಳ ಮಾತನ್ನು ಮೀಸೆಯೊಳಗೇ ಗೊಣಗುತ್ತಿದ್ದೆ. ನನಗೆ ಕೇಳಿಸಿತೋ ಇಲ್ಲವೋ ತಿಳಿಯದೆ ಅವಳು ತಡವರಿಸುತ್ತಿದ್ದಳು.

ಎರಡನೇ ಸೋಲಿನ ಮರುದಿನ ನನ್ನನ್ನು ಹುಡುಕಿಕೊಂಡು ಬಂದಳು.

"ಟಾಲಿವರ್, ನನ್ನ ಆಜ್ಞೆ ಯಾಕೆ ನುಂಗ್ತೀರಿ?"

"ನನ್ನ ದನಿನೇ ಇಷ್ಟು, ಮೇಡಂ."

"ಹೌದಾ? ಭಾನುವಾರ ಪಾದ್ರಿ ಮಾತಿಗೆ ಕಿಟಕಿ ಅದುರೋ ಹಾಗೆ ಆಮೆನ್ ಅಂತೀರಲ್ಲ, ಆ ದನಿ ಬಾಡಿಗೆಗೆ ತಂದಿದ್ದಾ?"

ನಾನು ಮುಖ ತಿರುಗಿಸಿದೆ.

"ಇನ್ಮೇಲೆ ನನ್ನ ಕಿವಿಗೆ ಬೀಳೋವರೆಗೂ ಬಿಡಲ್ಲ," ಎಂದು ಹೋದಳು.

ಮೂರನೇ ಪರೀಕ್ಷೆಯ ದಿನ ಗಾಳಿ ಜೋರಾಗಿತ್ತು. ಬಂದರಿನ ಕಟ್ಟೆ ಬಿಟ್ಟು ಹಿಂದಕ್ಕೆ ಸರಿದು ನದಿಗೆ ಇಳಿಯಬೇಕು. ಬಲಗಡೆ ಇನ್ನೊಂದು ಹಡಗನ್ನು ಕಟ್ಟಿ ನಿಲ್ಲಿಸಿದ್ದರು. ಹಿಂದಕ್ಕೆ ಸರಿಯುವಾಗ ಚುಕ್ಕಾಣಿ ಬಲಕ್ಕೆ ಹೋದರೆ ಹಡಗಿನ ಹಿಂಬದಿಯೂ ಬಲಕ್ಕೇ ಹೋಗುತ್ತದೆ. ಕ್ಯಾಪ್ಟನ್ ಕೈಕಟ್ಟಿ ಕೂತಿದ್ದ. ಗಾಳಿ ನಮ್ಮನ್ನು ಆ ಹಡಗಿನ ಕಡೆ ತಳ್ಳತೊಡಗಿತು.

"ಚುಕ್ಕಾಣಿ ಪೂರ್ತಿ ಬಲಕ್ಕೆ!" ಎಂದಳು ವರ್ಲೀನ್.

ತಪ್ಪು ಎಂದು ನನಗೆ ತಕ್ಷಣ ಗೊತ್ತಾಯಿತು. ತಿರುಗಿಸಿದ್ದರೆ ಕ್ಯಾಪ್ಟನ್ ಹೇಗೂ ತಡೆಯುತ್ತಿದ್ದ. ಅವಳ ಕಥೆ ಮಾತ್ರ ಅಲ್ಲಿಗೆ ಮುಗಿಯುತ್ತಿತ್ತು. ನಾನು ಎಂದಿನಂತೆ ಗೊಣಗಿ, ತಿರುಗಿಸಲು ಚುಕ್ಕಾಣಿಯ ಚಕ್ರ ಬಿಗಿಹಿಡಿದೆ.

"ಕೇಳಿಸ್ಲಿಲ್ಲ, ಟಾಲಿವರ್."

"ಪೂರ್ತಿ ಬಲಕ್ಕೆ, ಮೇಡಂ!" ಸಿಟ್ಟಿನಿಂದ ಕಿರುಚಿದೆ.

ಅವಳ ಮಾತು ಅವಳ ಕಿವಿಗೇ ಬಿತ್ತು, ತಪ್ಪು ಹೊಳೆಯಿತು. ನಾನೇ ತಪ್ಪು ಕೇಳಿಸಿಕೊಂಡೆ ಎಂದು ಅವಳು ಜಾರಿಕೊಳ್ಳಬಹುದಿತ್ತು. ಹಾಗೆ ಮಾಡಿದ ದೊಡ್ಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

"ಆ ಆಜ್ಞೆ ರದ್ದು. ತಪ್ಪು ನನ್ನದು. ಪೂರ್ತಿ ಎಡಕ್ಕೆ!"

"ಪೂರ್ತಿ ಎಡಕ್ಕೆ, ಮೇಡಂ!" ಈ ಸಲ ಯಾರೂ ಹೇಳದೆಯೇ ಕೂಗಿದೆ. ಹಡಗು ಸಲೀಸಾಗಿ ನದಿಗೆ ಇಳಿಯಿತು.

ಅವಳು ಪಾಸಾದಳೆಂಬ ಕಾಗದಕ್ಕೆ ಕ್ಯಾಪ್ಟನ್ ಸಹಿ ಹಾಕಿದ. "ತನ್ನ ತಪ್ಪು ತಾನೇ ಹಿಡಿಯೋರ ಕೈಗೆ ಹಡಗು ಕೊಟ್ಟು ನಾನು ನಿದ್ದೆ ಮಾಡಬಹುದು," ಎಂದ.

ಹದಿನೆಂಟು ವರ್ಷದ ಮೇಲೆ ಅವಳು ತನ್ನದೇ ಹಡಗಿನ ಕ್ಯಾಪ್ಟನ್ ಆದಳು. ನಿವೃತ್ತನಾಗಿ ಮಂಡಿ ಹಿಡಿದುಕೊಂಡಿದ್ದ ನನ್ನನ್ನೂ ಸಮಾರಂಭಕ್ಕೆ ಕರೆದಿದ್ದಳು. ಮುಗಿದ ಮೇಲೆ ಬೆಳ್ಳನೆಯ ಸಮವಸ್ತ್ರದಲ್ಲೇ ಬಂದು ನನ್ನ ಪಕ್ಕ ನಿಂತಳು.

"ಅಣ್ಣ, ಅವತ್ತು ನಾನು ಕೇಳಿಸ್ಲಿಲ್ಲ ಅನ್ನದೇ ಇದ್ದಿದ್ರೆ ನೀವು ಬಲಕ್ಕೆ ತಿರುಗಿಸಿಬಿಡ್ತಿದ್ರಿ, ಅಲ್ವಾ?"

ನಾಚಿಕೆಯಿಂದ ತಲೆ ತಗ್ಗಿಸಿದೆ. "ತಿರುಗಿಸ್ತಿದ್ದೆ ಕಣಮ್ಮ."

"ಗೊತ್ತಿತ್ತು. ಅದಕ್ಕೇ ಬಿಡ್ಲಿಲ್ಲ," ಎಂದು ನಕ್ಕು, ಕೇಕಿನ ತಟ್ಟೆಯನ್ನು ತಾನೇ ತಂದು ನನ್ನ ಕೈಗಿಟ್ಟಳು.

ಅಧಿಕಾರಿಯ ಕೈಯಿಂದ ತಟ್ಟೆ ತೆಗೆದುಕೊಂಡವರಲ್ಲಿ ನಮ್ಮ ಮನೆಗೆ ನಾನೇ ಮೊದಲಿಗ.