ಎರಡನೆಯ ಸಾಲಿನ ಗಾಂಧಾರ

ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತಿದ್ದೆ. ಪಕ್ಕದ ಮನೆಯ ಸಹನಾ ಬಂದವಳೇ ತನ್ನ ಮೊಬೈಲನ್ನು ನನ್ನ ಮುಖಕ್ಕೂ ಸೊಪ್ಪಿಗೂ ನಡುವೆ ಹಿಡಿದಳು. ಪರದೆಯ ತುಂಬ ಸರಿಗಮದ ಅಕ್ಷರಗಳು. ಕೆಲವಕ್ಕೆ ಕೆಳಗೆ ಗೆರೆ, ಕೆಲವಕ್ಕೆ ಚುಕ್ಕಿ.

"ಕಾಕು, ಪರೀಕ್ಷಾದಾಗ ಇಂಥಾದ್ದೊಂದು ಮುಂದ ಇಡ್ತಾರಂತ್ರಿ. ಮೊದಲ ಕೇಳಿರಂಗಿಲ್ಲ, ನೋಡಿದ ಕೂಡಲೆ ಹಾಡಬೇಕಂತ. ನೀವು ಒಮ್ಮೆ ಹಾಡಿ ತೋರಸ್ರಿ, ಆಮ್ಯಾಲೆ ನಾ ಹಾಡ್ತೇನಿ."

ಕೊನೆಯ ಮಾತು ಕೇಳಿ ನನ್ನ ಕೈ ನಿಂತಿತು. ಮೂವತ್ತು ವರ್ಷದ ಹಿಂದೆ ಇದೇ ಮಾತನ್ನು ನಾನು ಇನ್ನೊಬ್ಬಳಿಗೆ ಹೇಳುತ್ತಿದ್ದೆ. ಅವಳ ಹೆಸರು ಶಮಶಾದ್. ನಿಮಗೂ ಅಂಥ ಒಬ್ಬರು ಇರಬಹುದು. ದೂರವೇನೂ ಇಲ್ಲ, ಧಾರವಾಡದಿಂದ ಹುಬ್ಬಳ್ಳಿಗೆ ಹೋಗುವಷ್ಟು. ಆದರೂ ಒಮ್ಮೆ ತಪ್ಪಿದ ಮಾತನ್ನು ಮತ್ತೆ ಎಲ್ಲಿಂದ ಶುರುಮಾಡಬೇಕೋ ತಿಳಿಯುವುದಿಲ್ಲ.

ಮೊದಲು ನನ್ನ ಕಿವಿಯ ಬಗ್ಗೆ ಹೇಳುತ್ತೇನೆ, ಜಂಬಕ್ಕಲ್ಲ. ಚಿಕ್ಕಂದಿನಿಂದ ಏನು ಕೇಳಿದರೂ ಹಾಗೇ ಒಪ್ಪಿಸಿಬಿಡುತ್ತಿದ್ದೆ. ಮೊಸರು ಮಾರುವವಳ ಕೂಗು, ಬಸ್ ನಿಲ್ದಾಣದ ಘೋಷಣೆ, ಎದುರುಮನೆಯ ಅಜ್ಜಿ ಸೊಸೆಯನ್ನು ಬೈಯುವ ಧಾಟಿ. ಈ ಕೊನೆಯದು ಒಂದು ಸಲ ಆ ಅಜ್ಜಿಗೇ ಕೇಳಿಸಿ, ಅವ್ವ ಹೋಗಿ ಸಮಾಧಾನ ಮಾಡಿ ಬರಬೇಕಾಯಿತು. ನಮಗೆ ಸಂಗೀತ ಕಲಿಸುತ್ತಿದ್ದ ಅಕ್ಕಾವರ ಪದ್ಧತಿಯೂ ನನ್ನ ಕಿವಿಗೆ ಹೇಳಿಮಾಡಿಸಿದಂತಿತ್ತು. ಅವರು ಹಾಡಬೇಕು, ಹಿಂದೆಯೇ ನಾವು ಹಾಡಬೇಕು. ನಡುವೆ ಕಾಗದ ಬಂದರೆ ಅವರಿಗೆ ಸಿಟ್ಟು. ಹೀಗಾಗಿ ಐದು ವರ್ಷ ಕಲಿತ ಮೇಲೂ ಬರೆದಿಟ್ಟ ಸ್ವರವನ್ನು ಓದಿ ಹಾಡಲು ನನಗೆ ಬರುವುದಿಲ್ಲ ಎಂಬುದು ಸಂಗೀತದ ಪರೀಕ್ಷೆಗೆ ಒಂದು ತಿಂಗಳಿರುವಾಗ ಗೊತ್ತಾಯಿತು.

ಪರೀಕ್ಷೆಯಲ್ಲಿ ಕೊಡುವ ಹಾಳೆಯ ಸ್ವರಗಳು ಯಾವ ರಾಗಕ್ಕೂ ಸೇರಿರುವುದಿಲ್ಲ. ಯಾರೂ ಊಹಿಸಿ ಹಾಡಬಾರದೆಂದೇ ಹಾಗೆ ಬರೆದಿರುತ್ತಾರೆ. ಧಾರವಾಡದಲ್ಲಿ ರಾಗ ಕೇಳುತ್ತಲೇ ಬೆಳೆದವರಿಗೆ ಇದು ದೊಡ್ಡ ಸಂಕಟ. ನಾಲ್ಕು ಸ್ವರ ಹಾಡುವುದರೊಳಗೆ ಗಂಟಲು ತನಗೆ ಗೊತ್ತಿದ್ದ ಯಾವುದೋ ರಾಗದ ಕಡೆ ತಿರುಗಿರುತ್ತದೆ. ನಾನಂತೂ ಹಾಳೆ ಬರೆದವರೇ ತಪ್ಪಿದ್ದಾರೆಂದು ತಿಳಿದು, ಉಪಕಾರ ಮಾಡಿದವಳಂತೆ ತಿದ್ದಿ ಹಾಡುತ್ತಿದ್ದೆ.

ಶಮಶಾದಳ ಅಪ್ಪನದು ಕೆಲಗೇರಿ ರಸ್ತೆಯಲ್ಲಿ ಸೈಕಲ್ ಅಂಗಡಿ. ಅವಳೂ ಅಕ್ಕಾವರ ಹತ್ತಿರವೇ ಕಲಿಯುತ್ತಿದ್ದವಳು, ನನ್ನದೇ ವಯಸ್ಸು. ಲೆಕ್ಕದಲ್ಲಿ ಬಹಳ ಗಟ್ಟಿ. ಸ್ವರಲಿಪಿಯನ್ನು ಎಲ್ಲಿಂದಲೋ ತಾನೇ ಕಲಿತು, ಲೆಕ್ಕ ಬಿಡಿಸಿದಷ್ಟು ಸಲೀಸಾಗಿ ಓದುತ್ತಿದ್ದಳು. ಇಬ್ಬರೂ ಪಾಸಾದರೆ ಕೂಡಿಯೇ ಕಾಲೇಜಿನಲ್ಲಿ ಸಂಗೀತಕ್ಕೆ ಸೇರುವುದೆಂದು ಮಾತಾಗಿತ್ತು. ಮುಂದಿನ ಬದುಕಿನ ಬಗ್ಗೆ ನಾವು ಅದಕ್ಕಿಂತ ಹೆಚ್ಚು ಯೋಚಿಸಿರಲಿಲ್ಲ.

ದಿನಾ ಬೆಳಿಗ್ಗೆ ಕೆಲಗೇರಿ ಕೆರೆಯ ದಂಡೆಗೆ ಹೋಗಿ ಕೂಡುತ್ತಿದ್ದೆವು. ಅವಳು ಹಾಳೆಯ ಮೇಲೆ ನಾಲ್ಕು ಸಾಲು ಹೊಸ ಸ್ವರ ಬರೆದು ತರುವಳು. "ನೀ ಒಮ್ಮೆ ಹಾಡು" ಎನ್ನುತ್ತಿದ್ದೆ ನಾನು. ಅವಳು ಹಾಡುವಳು. ನಾನು ಹಾಳೆಯ ಮೇಲೆ ಕಣ್ಣಿಟ್ಟ ನಾಟಕ ಮಾಡುತ್ತ, ಕೇಳಿದ್ದನ್ನು ಒಪ್ಪಿಸುವೆ. ಹೀಗೆ ಮೂರು ದಿನ ನಡೆಯಿತು. ನಾಲ್ಕನೆಯ ದಿನ ಅವಳು ಎರಡನೆಯ ಸಾಲಿನ ಕೊನೆಗೆ ಬೆರಳಿಟ್ಟಳು.

"ಇಲ್ಲೇನು ಬರದೈತಿ ನೋಡು."

ನಿಷಾದ. ಕೆಳಗೆ ಗೆರೆ ಇತ್ತು, ಅಂದರೆ ಕೋಮಲ, ಶುದ್ಧಕ್ಕಿಂತ ಅರ್ಧ ಮೆಟ್ಟಿಲು ಕೆಳಗಿನ ಸ್ವರ.

"ನೀ ಶುದ್ಧ ನಿಷಾದ ಹಾಡಿದಿ."

"ನೀನೂ ಹಂಗ ಹಾಡಿದೆಲ್ಲ."

"ನಾ ಬೇಕಂತ ತಪ್ಪು ಹಾಡೀನಿ. ನೀ ಓದಾಕತ್ತೀಯೋ, ನನ್ನದು ಕದಿಯಾಕತ್ತೀಯೋ, ನೋಡಬೇಕಿತ್ತು."

ಅವತ್ತು ಅವಳ ಕೂಡ ಮಾತು ಬಿಟ್ಟು ಮನೆಗೆ ಬಂದೆ. ಮರುದಿನ ಬೆಳಿಗ್ಗೆ ಅವಳಿಗಿಂತ ಮೊದಲೇ ಹೋಗಿ ದಂಡೆಯ ಮೇಲೆ ಕೂತಿದ್ದೆ. ಅಂದಿನಿಂದ ಪ್ರತಿ ಹಾಳೆಯಲ್ಲೂ ಎರಡನೆಯ ಸಾಲಿನ ಕೊನೆಯ ಸ್ವರವನ್ನು ಅವಳು ತಪ್ಪಾಗಿಯೇ ಹಾಡತೊಡಗಿದಳು. ಎರಡನೆಯದೇ ಯಾಕೆಂದರೆ, "ಮೊದಲನೇ ಸಾಲಿಗೆ ನೀ ಎಚ್ಚರ ಇರ್ತಿ. ಎರಡನೇದು ಮುಗಿಯೂದ್ರಾಗ ನಿನ್ನ ಕಣ್ಣು ಕೆರಿಗೆ ಹೋಗಿರ್ತೈತಿ" ಎಂದಳು. ಖರೆಯೇ ಇತ್ತು. ನಾನು ಅವಳ ದನಿಯನ್ನು ನಂಬುವುದು ಬಿಟ್ಟು ಹಾಳೆಯನ್ನು ನಂಬಲು ಕಲಿತೆ. ಮೂರು ವಾರದಲ್ಲಿ ನನಗೆ ಓದಲು ಬಂತು.

ಪರೀಕ್ಷೆ ಮಾಡಲು ಬೇರೆ ಊರಿನಿಂದ ಒಬ್ಬರು ಬಂದಿದ್ದರು. ಅವರು ಎಲ್ಲರ ಮುಂದೆಯೂ ಇಟ್ಟದ್ದು ಒಂದೇ ಹಾಳೆ. ಶಮಶಾದಳ ನಂಬರು ನನಗಿಂತ ಮೊದಲಿತ್ತು. ಅವಳು ಒಳಗೆ ಹೋದಳು, ನಾನು ಪಡಸಾಲೆಯ ಬೆಂಚಿನ ಮೇಲೆ ಕೂತೆ. ಬಾಗಿಲು ಹಾಕಿತ್ತು, ಆದರೆ ಕಿಟಕಿಯ ಒಂದು ಗಾಜು ಒಡೆದಿತ್ತು. ಕೇಳಬಾರದೆಂದರೂ ನನ್ನ ಕಿವಿ ಕೇಳಬೇಕಲ್ಲ. ಮೊದಲ ಸಾಲು, ಎರಡನೆಯ ಸಾಲು, ಅದರ ಕೊನೆಗೆ ನಿಚ್ಚಳವಾದ ಶುದ್ಧ ಗಾಂಧಾರ. ನಾಲ್ಕೂ ಸಾಲು ನನಗೆ ಅಲ್ಲೇ ಬಾಯಿಪಾಠವಾದವು.

ಒಳಗೆ ಹೋಗಿ ಹಾಳೆ ನೋಡಿದೆ. ಎರಡನೆಯ ಸಾಲಿನ ಕೊನೆಯ ಗಾಂಧಾರದ ಕೆಳಗೆ ಗೆರೆ ಇತ್ತು. ಕೋಮಲ. ಹಾಳೆಯಲ್ಲಿ ಇದ್ದಂತೆಯೇ ಹಾಡಿದೆ. "ಆ ಗಾಂಧಾರ ಸರಿಯಾಗಿ ಹಿಡದ್ರಿ" ಎಂದರು ಪರೀಕ್ಷಕರು.

ನಾನು ಪಾಸಾದೆ. ಅವಳು ಆ ಓದಿ ಹಾಡುವುದರಲ್ಲೇ ಸ್ವಲ್ಪದರಲ್ಲಿ ನಪಾಸಾದಳು.

ನಾನು ಅವಳ ಮನೆಗೆ ಹೋಗಲಿಲ್ಲ. ಹೊರಗೆ ನಾನಿದ್ದೇನೆಂದು ಗೊತ್ತಿದ್ದೇ, ನನ್ನನ್ನು ಎಚ್ಚರಿಸಲು ಬೇಕಂತಲೇ ತಪ್ಪು ಹಾಡಿದಳೇ? ಹಾಗಿದ್ದರೆ ಯಾವ ಮುಖ ಹೊತ್ತು ಹೋಗಲಿ? ಅಥವಾ ನಿಜವಾಗಿಯೂ ತಪ್ಪಿದಳೇ? ಹಾಗಿದ್ದರೆ ಪಾಸಾದವಳು ಹೋಗಿ ಏನು ಹೇಳಲಿ? ದಿನಕ್ಕೊಂದು ಉತ್ತರ ನಂಬುತ್ತಿದ್ದೆ. ಸೈಕಲ್ ಅಂಗಡಿ ತಪ್ಪಿಸಲು ಅರ್ಧ ಊರು ಸುತ್ತಿ ಅಕ್ಕಾವರ ಮನೆಗೆ ಹೋಗುತ್ತಿದ್ದೆ. ಅವಳು ಅಲ್ಲಿಗೆ ಬರುವುದನ್ನೇ ಬಿಟ್ಟಿದ್ದಳೆಂಬುದು ಗೊತ್ತಿದ್ದೂ ಬಾಗಿಲ ಕಡೆ ನೋಡುತ್ತ ಕೂಡುತ್ತಿದ್ದೆ. ಕಾಲೇಜಿಗೆ ಒಬ್ಬಳೇ ಸೇರಿದೆ, ಶಾಲೆಯಲ್ಲಿ ಸಂಗೀತ ಕಲಿಸುವ ಕೆಲಸವೂ ಸಿಕ್ಕಿತು. ಅವಳು ಗಣಿತ ಓದಿ ಟೀಚರಾಗಿ ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಮನೆ ಮಾಡಿದ್ದಾಳೆಂದು ಯಾರದೋ ಮದುವೆಯಲ್ಲಿ ತಿಳಿಯಿತು. ನಂಬರನ್ನೂ ಇಸಿದುಕೊಂಡೆ. ಎರಡು ವರ್ಷ ಅದು ಫೋನಿನಲ್ಲೇ ಉಳಿಯಿತು. ಅವಳ ನೆನಪು ಬಹಳ ಆಗುತ್ತಿತ್ತು, ಅದನ್ನು ಮುಚ್ಚಿಡುವುದೇನು.

ಸಹನಾಳಿಗೂ ನಾನು ಶಮಶಾದಳ ಉಪಾಯವನ್ನೇ ಮಾಡಿದೆ. ಎರಡು ವಾರ, ದಿನಾ ಸಂಜೆ, ಎರಡನೆಯ ಸಾಲಿನ ಕೊನೆಗೆ ಒಂದು ತಪ್ಪು. ಹುಡುಗಿ ಮೊದಲು ಸಿಟ್ಟಾದಳು, ಆಮೇಲೆ ಹಿಡಿಯತೊಡಗಿದಳು. ಕಳೆದ ಭಾನುವಾರ, "ಇವತ್ತೊಂದು ಸರಿಯಾಗಿ ಹಾಡ್ರಿ, ರೆಕಾರ್ಡ್ ಮಾಡ್ಕೋತೇನಿ" ಎಂದಳು. ಆಗಲೆಂದು ಎಚ್ಚರದಿಂದ ಹಾಡಿದೆ.

"ಕಾಕು, ಇಲ್ಲೆ ಗಾಂಧಾರ ಕೋಮಲ ಐತ್ರಿ. ಬೇಕಂತ ಹಾಡಿದ್ರೇನು?" ಎಂದು ಎರಡನೆಯ ಸಾಲಿನ ಕೊನೆಗೆ ಬೆರಳಿಟ್ಟಳು.

ಬೇಕಂತ ಹಾಡಿರಲಿಲ್ಲ. ಮತ್ತೊಮ್ಮೆ ಹಾಡಿದೆ, ಗಂಟಲು ಮತ್ತೆ ಶುದ್ಧ ಗಾಂಧಾರಕ್ಕೇ ಹೋಯಿತು. ಎರಡು ವಾರದ ರೂಢಿ ಅದು. ಶಮಶಾದ್ ಮೂರು ವಾರ ಹಾಡಿದ್ದಳು. ಅವಳು ತ್ಯಾಗ ಮಾಡಿರಲಿಲ್ಲ, ಓದಲು ಬಾರದೆ ತಪ್ಪಿರಲೂ ಇಲ್ಲ. ನನ್ನ ಕಣ್ಣು ತಿದ್ದಲು ಹೋಗಿ ಅವಳ ಗಂಟಲು ಕೆಟ್ಟಿತ್ತು.

ಸಹನಾ ಮನೆಗೆ ಹೋದ ಮೇಲೆ ಫೋನ್ ಮಾಡಿದೆ. "ಯಾರ್ರಿ?" ಎಂಬ ದನಿ ಬಂತು. ಹೆಸರು ಹೇಳಿದೆ. ಅವಳು ಫೋನ್ ಇಟ್ಟುಬಿಟ್ಟಾಳೆಂಬ ಹೆದರಿಕೆಯಲ್ಲಿ ಕಿಟಕಿ, ಗಾಂಧಾರ, ರೂಢಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ನನ್ನ ಸಲುವಾಗಿ ನಿನ್ನ ಪರೀಕ್ಷೆ ಹೋಯಿತು ಎಂದೆ.

"ಪರೀಕ್ಷಾ ಹೋಗಿದ್ದು ನಾ ಅವಾಗನ ಮರತೀನಿ," ಎಂದಳು. "ರಿಜಲ್ಟ್ ಬಂದ ದಿನ ಸಂಜಿಮುಂದ, ನೀ ಬರ್ತಿ, ಪಾಸಾದ್ನಿ ಅಂತ ಹೇಳ್ತಿ ಅಂತ ಬಾಗಲದಾಗ ಕುಂತಿದ್ನಿ. ಬರಲಿಲ್ಲಲ್ಲ ನೀ."

"ಬರಬೇಕಾಗಿತ್ತು ನಾ," ಎಂದೆ.

"ಈಗರ ಹೇಳು," ಎಂದಳು. "ಏನಾತು ನಿನ್ನ ಪರೀಕ್ಷಾ?"

"ಪಾಸಾದ್ನಿ, ಶಮಶಾದ್," ಎಂದೆ.

"ಹೌದೇನು? ಭಾಳ ಛಲೋ ಆತು," ಎಂದಳು ಅವಳು, ಅದೇ ಸಂಜೆ ಕೇಳಿದವಳ ಹಾಗೆ, ಅಷ್ಟೇ ಖುಷಿಯಿಂದ.