ಅಂಗಳದ ಇಂಟರ್‌ಲಾಕ್ ಮತ್ತು ಬಾತುಕೋಳಿಯ ಪಾದ

ಬೆಳಕು ಹರಿಯುವ ಮೊದಲು ಹೇಮಾಕ್ಷಿ ಕುಚ್ಚಲಕ್ಕಿ ತೊಳೆದು ಒಲೆಗಿಟ್ಟಿರುತ್ತಾಳೆ, ನೀರುದೋಸೆಗೆ ಅಕ್ಕಿ ರುಬ್ಬಿರುತ್ತಾಳೆ, ಚಟ್ನಿಗೆ ಕಾಯಿ ತುರಿದಿರುತ್ತಾಳೆ, ಗಂಡನ ಅಂಗಿಗೆ ಇಸ್ತ್ರಿ ಹಾಕಿರುತ್ತಾಳೆ, ಮಗಳು ತೃಷಾಳನ್ನು ಎಬ್ಬಿಸಲು ಹೋಗಿ ಸೋತು ಬಂದಿರುತ್ತಾಳೆ. ಗೂಡಿನ ಬಾಗಿಲು ತೆಗೆದು ಕೋಳಿ, ಬಾತುಗಳನ್ನು ಹೊರಗೆ ಬಿಟ್ಟು, ಅವುಗಳ ನೀರಿನ ಬಾನಿ ತುಂಬಿಸಿ, ಅಂಗಳ ತೊಳೆದಿರುತ್ತಾಳೆ. ಈಚೆಗೆ ಇದಕ್ಕೆಲ್ಲ ಇನ್ನೊಂದು ಕೆಲಸ ಸೇರಿದೆ. ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಬಾತುಕೋಳಿಯ ಕಾಲು ಅದ್ದಿಕೊಂಡು ಕೂರುವುದು.

ಹಳೆಯ ಲುಂಗಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡರೆ ಅದು ಸುಮ್ಮನಿರುತ್ತದೆ. ಪಾದದಡಿ ಅಡಿಕೆಯಷ್ಟು ಬಾವು, ನಡುವೆ ಕಪ್ಪು ಹಕ್ಕಳೆ. ಪಕ್ಕದ ಮನೆಯ ಸುಹರಾ ಕೊಟ್ಟ ಮರಿಗಳಲ್ಲಿ ಇದೇ ದೊಡ್ಡದು. ಮುಂದೆ ಇದು ನಡೆದರೆ ಮಾತ್ರ ಉಳಿದವು ಹಿಂದೆ ಹೊರಡುವುದು.

ಕಾವೂರಿನ ಆ ಮನೆಯ ಅಂಗಳ ಹೋದ ವರ್ಷದವರೆಗೂ ಮಣ್ಣಿನದಾಗಿತ್ತು. ಎಲೆಕ್ಟ್ರಿಕಲ್ ಅಂಗಡಿ ಇಟ್ಟಿರುವ ಗಂಡ ಮೋಹನದಾಸ್ ಒಂದು ದಿನ ಕೆಲಸದವರನ್ನು ಕರೆಸಿ ಮನೆಯ ಸುತ್ತ ಸಿಮೆಂಟ್ ಕಲ್ಲುಗಳ ಇಂಟರ್‌ಲಾಕ್ ಹಾಕಿಸಿದ. ಫೋಟೊ ತೆಗೆದು ಕುಟುಂಬದ ಗ್ರೂಪಿಗೂ ಕಳಿಸಿದ. "ಇನ್ನು ನಿನಗೆ ಕೆಸರಿನ ತಾಪತ್ರಯ ಇಲ್ಲ ಮಾರಾಯ್ತಿ" ಎಂದ. ಬೇಕೋ ಬೇಡವೋ ಎಂದು ಮೊದಲೇ ಕೇಳಬಹುದಿತ್ತು ಎಂಬುದು ಅವನಿಗೆ ಹೊಳೆಯಲಿಲ್ಲ. ಮೊದಲು ಕೋಳಿ ಹಿಕ್ಕೆಯನ್ನು ಮಣ್ಣೇ ನುಂಗುತ್ತಿತ್ತು. ಈಗ ದಿನವೂ ಪೈಪು ಹಿಡಿದು ಬ್ರಶ್ ಹಾಕಿ ಉಜ್ಜಬೇಕು. ಉಜ್ಜುವವಳು ಹೇಮಾಕ್ಷಿ.

ಮೊದಲು ಒಂದು ಹೇಂಟೆ ಕುಂಟಿತು, ಆಮೇಲೆ ಬಾತು. ಹೇಮಾಕ್ಷಿ ಅರಿಶಿನ, ತೆಂಗಿನೆಣ್ಣೆ ಕಲಸಿ ಹಚ್ಚಿದಳು. ಹೇಂಟೆಯ ಗಾಯ ಬೇಗ ವಾಸಿಯಾಯಿತು. ಬಾತಿನದು ಮೇಲೆ ಒಣಗಿತು, ಒಳಗೆ ಬಲಿಯಿತು. ಕೊನೆಗೆ ಬುಟ್ಟಿಯಲ್ಲಿಟ್ಟು ರಿಕ್ಷಾದಲ್ಲಿ ಪಶುವೈದ್ಯೆ ಪ್ರಣೀತಾಳ ಹತ್ತಿರ ಕೊಂಡುಹೋದಳು. ಡಾಕ್ಟರು ಹಕ್ಕಳೆ ಬಿಡಿಸಿ, ಅನ್ನದ ಅಗುಳಿನ ಹಾಗೆ ಗಟ್ಟಿಯಾದ ಕೀವನ್ನು ತೆಗೆದು, ಅಯೋಡಿನ್ ಹಚ್ಚಿ ಪಟ್ಟಿ ಕಟ್ಟಿದರು.

"ಅಂಗಳ ಎಂತದ್ದು ಅಕ್ಕ?"

"ಇಂಟರ್‌ಲಾಕ್."

"ಮತ್ತೆ ನಾನು ಎಷ್ಟು ಸಲ ತೆಗೆದ್ರೂ ಬರ್ತದೆ. ಭಾರದ ಹಕ್ಕಿ, ಗಟ್ಟಿ ನೆಲಕ್ಕೆ ಪಾದ ಸವೆದು ಗಾಯ ಆಗ್ತದೆ. ಅದಕ್ಕೆ ಮೆತ್ತಗಿನ ಮಣ್ಣು ಬೇಕು. ಇಲ್ಲದಿದ್ರೆ ನಂಜು ಎಲುಬಿಗೆ ಇಳಿದು ಕಾಲೇ ಹೋದೀತು."

ಹೇಮಾಕ್ಷಿ ಅಂಗಳಕ್ಕೆ ಬೈಹುಲ್ಲು ಹಾಸಿದಳು. ಸಂಜೆ ಮೋಹನದಾಸ್ ಕಾರಿನಿಂದಿಳಿದು ನೋಡಿದ.

"ಇದೆಂತ, ದನದ ಹಟ್ಟಿಯಾ?"

"ಡಾಕ್ಟರು ಹೇಳಿದ್ದು. ಗೂಡಿನ ಹತ್ತಿರ ನಾಲ್ಕು ಕಲ್ಲು ತೆಗೆಸುವಾ?"

"ಒಂದು ಬಾತಿಗೋಸ್ಕರ? ಒಂದು ಎಬ್ಬಿಸಿದ್ರೆ ಉಳಿದದ್ದೂ ಸಡಿಲ ಆಗ್ತದೆ. ನಿನಗೋಸ್ಕರ ಅಲ್ವಾ ಹಾಕಿಸಿದ್ದು?"

ಕೆಟ್ಟವನಲ್ಲ ಅವನು. ಪಟ್ಟಿಯ ಬಟ್ಟೆ ಮುಗಿದಾಗ ಪೇಟೆಯಿಂದ ತಂದವನೂ ಅವನೇ. ಊಟಕ್ಕೆ ಕೂತಾಗ ತಾನೇ ದಾರಿ ಹೇಳಿದ: "ಬಾತುಗಳನ್ನೆಲ್ಲ ಸುಹರಾಳಿಗೆ ಕೊಡು. ಅವಕ್ಕೂ ಸುಖ, ನಿನಗೂ ಕೆಲಸ ಕಡಿಮೆ." ಇನ್ನೆರಡು ತುಂಡು ಮೀನು ಬಡಿಸುತ್ತಿದ್ದ ಹೇಮಾಕ್ಷಿ ಯಾವ ಕೆಲಸ ಕಡಿಮೆಯಾದೀತೆಂದು ಯೋಚಿಸಿದಳು. ಈ ಮನೆಯಲ್ಲಿ ಯಾರೂ ಹೇಳದೆ, ತನಗೆ ಬೇಕೆನಿಸಿ ಅವಳು ಮಾಡುತ್ತಿದ್ದುದು ಬಾತು ಸಾಕುವ ಅದೊಂದೇ ಕೆಲಸ.

ಮರುದಿನ ವಿಷಯ ಕೇಳಿ ಸುಹರಾ ಗೋಡೆಯಾಚೆ ಬಟ್ಟೆ ಒಣಗಿಸುತ್ತ ನಕ್ಕಳು.

"ಕೊಡಿ ಹೇಮಾಕ್ಷಿಯಕ್ಕ, ನಮ್ಮಲ್ಲಿ ಬೇಕಾದಷ್ಟು ಕೆಸರುಂಟು. ನಮ್ಮ ಇವರಿಗೆ ಇಂಟರ್‌ಲಾಕ್ ಹಾಕಿಸುವಷ್ಟು ಪ್ರೀತಿ ಇಲ್ಲ."

"ನೀನು ಪುಣ್ಯವಂತೆ."

"ಆದಿತ್ಯವಾರ ಸಂಜೆ ಬುಟ್ಟಿ ತರ್ತೇನೆ. ಮೊಟ್ಟೆ ನಿಮಗೇ ಕೊಡುವಾ."

"ನಾನು ಸಾಕುವುದು ಮೊಟ್ಟೆಗೆ ಅಲ್ಲ ಮಾರಾಯ್ತಿ" ಎಂದಳು ಹೇಮಾಕ್ಷಿ. ಬಾಗಿ ಬಾತಿನ ಪಟ್ಟಿ ಸಡಿಲಾಗಿದೆಯೇ ಎಂದು ನೋಡಿದಳು.

ಆದಿತ್ಯವಾರ ಪಡೀಲಿನಲ್ಲಿ ನೆಂಟರ ಹೊಸ ಮನೆಯ ಒಕ್ಕಲು. ತಂದೆ, ಮಗಳು ಹೊರಟರು. ಬಾತುಗಳನ್ನು ಕಳಿಸಿಕೊಡುವುದುಂಟೆಂದು ಹೇಮಾಕ್ಷಿ ಮನೆಯಲ್ಲೇ ಉಳಿದಳು. ಬಾತನ್ನು ಮಡಿಲಿಗೆ ತೆಗೆದುಕೊಂಡು ಪಟ್ಟಿ ಬಿಚ್ಚಿದಳು. ಗಾಯದ ಅಂಚು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಹೊಸ ಪಟ್ಟಿ ಕಟ್ಟಿ ಕೆಳಗಿಳಿಸಿದಳು. ಹುಲ್ಲು ಸರಿದು ಬರಿದಾದ ಕಲ್ಲಿಗೆ ಕಾಲು ತಾಗಿದ್ದೇ ಅದು ಅಲ್ಲೇ ಕೂತುಬಿಟ್ಟಿತು.

ಹೇಮಾಕ್ಷಿ ಫೋನು ಕೈಗೆತ್ತಿಕೊಂಡಳು. ಗಂಡನ ಹೆಸರಿನವರೆಗೆ ಹೋದ ಬೆರಳು ಅಲ್ಲಿಂದ ಸುಹರಾಳ ಹೆಸರಿಗೆ ಜಾರಿತು.

"ಬರುವುದು ಬೇಡ ಸುಹರಾ. ಅವು ಇಲ್ಲಿಯೇ ಇರಲಿ."

ಗುದ್ದಲಿ ತಂದು ಗೂಡಿನ ಬದಿಯ ಕಲ್ಲಿನ ಸಂದಿಗೆ ತುದಿ ಹಾಕಿ ಮೀಟಿದಳು. ಮೊದಲನೆಯದು ಹಟ ಹಿಡಿಯಿತು. ಅದು ಎದ್ದ ಮೇಲೆ ಉಳಿದವು ಮೋಹನದಾಸ್ ಹೇಳಿದ ಹಾಗೆಯೇ ಸಲೀಸಾಗಿ ಬಂದವು. ಕೆಳಗಿನ ಜಲ್ಲಿಪುಡಿಯನ್ನು ಕೆರೆದು ತೆಗೆದಾಗ ಕೆಂಪು ಮಣ್ಣು ಕಂಡಿತು, ಒತ್ತಿಹೋಗಿ ಗಟ್ಟಿಯಾಗಿತ್ತು. ಅಗೆದು ನೀರು ಹೊಯ್ದಳು.

ಒಂದು ಚಾಪೆಯಗಲ ಸಾಕೆಂದುಕೊಂಡಿದ್ದಳು. ಅಷ್ಟಾದ ಮೇಲೆ ಬೆನ್ನು ನೆಟ್ಟಗೆ ಮಾಡಿ ನಿಂತು ನೋಡಿದಳು. ಕಾರು ನಿಲ್ಲುವ ಜಾಗದವರೆಗೆ ಇನ್ನೂ ಅಂಗಳವಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದಿನ ಸಾಲಿಗೆ ಗುದ್ದಲಿ ಹಾಕಿದಳು.